ತಿರುಗಿಸಿ ಹಾಕಿದ ಲೆನ್ಸಿನಲ್ಲಿ ಕಂಡ ಚಗಳಿ

ನಮ್ಮ ಹಿತ್ತಿಲ ಮಾವಿನ ಮರದಲ್ಲಿ ಪ್ರತಿವರ್ಷವೂ ಚಗಳಿ ಗೂಡು ಕಟ್ಟುತ್ತದೆ. ಎಲೆಗಳನ್ನು ಎಳೆದು ಹಿಡಿದು, ತಮ್ಮದೇ ಮರಿಹುಳುಗಳು ಸುರಿಸುವ ರೇಷ್ಮೆಯಿಂದ ಹೊಲಿಯುವ ಆ ಕೆಂಪಿರುವೆಗಳನ್ನು ಹತ್ತಿರದಿಂದ ಚಿತ್ರಿಸಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತಾದರೂ, ಅತಿ ಹತ್ತಿರದಿಂದ ದೊಡ್ಡದಾಗಿ ಚಿತ್ರಿಸುವ ಮ್ಯಾಕ್ರೋ ಲೆನ್ಸಿನ ಬೆಲೆ ನನ್ನ ಅಳತೆಗೆ ಮೀರಿದ್ದಾಗಿತ್ತು. ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ90 ಕ್ಯಾಮೆರಾ, ಒಂದು 18-55 ಮಿ.ಮೀ. ಜೂಮ್ ಲೆನ್ಸು ಮತ್ತು 50 ಮಿ.ಮೀ. ಎಫ್/1.8ಡಿ ಲೆನ್ಸು. ಕೆಲವು ನೂರು ರೂಪಾಯಿಗಳ ಒಂದು ರಿವರ್ಸ್ ರಿಂಗ್ ತರಿಸಿಕೊಂಡೆ. ಅದರ ಒಂದು ಬದಿಗೆ 52 ಮಿ.ಮೀ. ಫಿಲ್ಟರ್ ಥ್ರೆಡ್, ಇನ್ನೊಂದು ಬದಿಗೆ ಕ್ಯಾಮೆರಾಕ್ಕೆ ಕೂರುವ ಮೌಂಟ್ ಇರುತ್ತದೆ. ಲೆನ್ಸಿನ ಮುಖವನ್ನು ಈ ರಿಂಗಿಗೆ ತಿರುಪಿ, ಲೆನ್ಸಿನ ಬೆನ್ನು ಇರುವೆಯ ಕಡೆಗೆ ಬರುವಂತೆ ಕೂರಿಸಿದರೆ ಜೋಡಣೆ ಮುಗಿಯಿತು. ಇದಕ್ಕೂ ಮೊದಲು ರಿಂಗಿಲ್ಲದೆ, ಲೆನ್ಸನ್ನು ಕೈಯಲ್ಲೇ ಒತ್ತಿ ಹಿಡಿದು ಪ್ರಯತ್ನಿಸಿದ್ದೆ. ಸಂದಿನಿಂದ ಬೆಳಕು ನುಗ್ಗಿ ಚಿತ್ರ ಮಂಕಾದದ್ದಲ್ಲದೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳೂ ಕೂತಿತು. ಅದನ್ನು ಯಾರೂ ಮಾಡಬಾರದು.

ತಿರುಗಿಸಿದರೆ ದೊಡ್ಡದಾಗಿ ಕಾಣುವುದೇಕೆ ಎಂಬುದು ಸರಳ. ಸಾಮಾನ್ಯ ಲೆನ್ಸನ್ನು ಮುಂದೆ ದೂರದ ವಸ್ತು, ಹಿಂದೆ ಹತ್ತಿರದ ಸೆನ್ಸರ್ ಎಂಬ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಬಿಂಬವು ವಸ್ತುವಿಗಿಂತ ದೊಡ್ಡದಾಗಬೇಕಾದಾಗ ವಸ್ತುವೇ ಹತ್ತಿರ, ಸೆನ್ಸರ್ ದೂರ ಎಂದು ಈ ಲೆಕ್ಕ ತಲೆಕೆಳಗಾಗುವುದರಿಂದ, ಲೆನ್ಸನ್ನೂ ತಿರುಗಿಸಿಬಿಟ್ಟರೆ ಅದು ತನಗೆ ಒಗ್ಗಿದ ಸ್ಥಿತಿಯಲ್ಲೇ ಕೆಲಸ ಮಾಡುತ್ತದೆ. 50 ಮಿ.ಮೀ. ಲೆನ್ಸಿನ ನನ್ನ ಜೋಡಣೆಯ ಶಕ್ತಿಯನ್ನು ಶಾಲೆಯ ಸ್ಕೇಲಿನಿಂದ ಅಳೆದೆ. ಚೌಕಟ್ಟಿನ ಅಗಲಕ್ಕೆ ಸ್ಕೇಲಿನ 21 ಮಿ.ಮೀ. ಹಿಡಿಸಿತು. ಡಿ90ರ ಸೆನ್ಸರ್ ಅಗಲ 23.6 ಮಿ.ಮೀ. ಇರುವುದರಿಂದ ವರ್ಧನೆ ಸುಮಾರು 1.1 ಪಟ್ಟು ಎಂದಾಯಿತು. ಇಲ್ಲಿ ಹೊಸಬರಿಗೆ ಗೊಂದಲವಾಗುವ ಸಂಗತಿಯೆಂದರೆ, ತಿರುಗಿಸಿದ ಲೆನ್ಸಿನ ಫೋಕಲ್ ಲೆಂಗ್ತ್ (ಅದರ ಹೆಸರಿನಲ್ಲಿರುವ ಮಿ.ಮೀ. ಅಂಕಿ) ಕಡಿಮೆಯಾದಷ್ಟೂ ವರ್ಧನೆ ಹೆಚ್ಚುತ್ತದೆ. 28 ಮಿ.ಮೀ. ಲೆನ್ಸು ಎರಡು ಪಟ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. 18-55 ಲೆನ್ಸನ್ನು 18ಕ್ಕೆ ತಿರುಗಿಸಿದಾಗ ಒಂದು ಇರುವೆಯೇ ಚೌಕಟ್ಟನ್ನು ಆಕ್ರಮಿಸಿಕೊಳ್ಳುತ್ತದೆ.

ಆದರೆ ಆ 18-55 ನನಗೆ ಒಗ್ಗಲಿಲ್ಲ. ಅದರಲ್ಲಿ ಅಪರ್ಚರನ್ನು, ಅಂದರೆ ಬೆಳಕು ಹಾಯುವ ಕಿಂಡಿಯನ್ನು, ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಇಲ್ಲ. ಕ್ಯಾಮೆರಾದಿಂದ ಬಿಚ್ಚಿದೊಡನೆ ಅಪರ್ಚರ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಬೆನ್ನಿನಲ್ಲಿರುವ ಸಣ್ಣ ಲೋಹದ ಸನ್ನೆಗೆ ಮಡಿಸಿದ ಕಾಗದದ ಚೂರು ಸಿಕ್ಕಿಸಿ ಅರ್ಧ ತೆರೆದಿಟ್ಟು ನೋಡಿದೆ. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಕಾಗದ ಜಾರಿ ಬಿದ್ದಿತು. 50 ಮಿ.ಮೀ. ಡಿ ಲೆನ್ಸಿನಲ್ಲಿ ಈ ತಾಪತ್ರಯವಿಲ್ಲ, ಅದರ ಅಪರ್ಚರ್ ರಿಂಗಿನಲ್ಲಿ ಎಷ್ಟು ಇಟ್ಟರೆ ಅಷ್ಟಕ್ಕೆ ನಿಲ್ಲುತ್ತದೆ. ಹಾಗಿದ್ದೂ ಮೊದಲ ದಿನ ನಾನು ಬೇಸ್ತುಬಿದ್ದೆ. ಕ್ಯಾಮೆರಾದ ಮೇಲೆ ಬಳಸುವಾಗ ಆ ರಿಂಗನ್ನು ಎಫ್/22ರಲ್ಲಿ, ಅಂದರೆ ಅದರ ಅತಿ ಕಿರಿದಾದ ಕಿಂಡಿಯಲ್ಲಿ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), ಲಾಕ್ ಮಾಡಿರಬೇಕಾಗುತ್ತದೆ. ಅದನ್ನು ಬಿಡಿಸುವುದನ್ನು ಮರೆತು, ವ್ಯೂಫೈಂಡರಿನಲ್ಲಿ ಕತ್ತಲೆ ಕಂಡಾಗ ರಿವರ್ಸ್ ರಿಂಗೇ ಸರಿಯಿಲ್ಲವೆಂದು ಅರ್ಧ ಗಂಟೆ ಬೈದುಕೊಂಡೆ. ಕೊನೆಗೆ ನನಗೆ ಹೊಂದಿದ ಕ್ರಮವಿದು: ರಿಂಗನ್ನು ಎಫ್/8ಕ್ಕೆ ಇಟ್ಟು, ಈಗ ಹೊರಗೆ ಕಾಣುವ ಅದೇ ಸನ್ನೆಯನ್ನು ಉಗುರಿನಿಂದ ಸರಿಸಿ ಹಿಡಿದರೆ ಅಪರ್ಚರ್ ತೆರೆದು ನೋಟ ಬೆಳಗುತ್ತದೆ, ಚೌಕಟ್ಟು ಹೊಂದಿಸಿಕೊಂಡು ಬೆರಳು ಬಿಟ್ಟರೆ ಮತ್ತೆ ಎಫ್/8ಕ್ಕೆ ಬರುತ್ತದೆ.

ಫೋಕಸ್ ರಿಂಗ್ ಇಲ್ಲಿ ಹೆಚ್ಚುಕಡಿಮೆ ಅಲಂಕಾರಕ್ಕಷ್ಟೇ. ಫೋಕಸ್ ಮಾಡುವುದು ನಮ್ಮ ಮೈ. ಒಂದು ಪಟ್ಟು ವರ್ಧನೆಯಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಎರಡು ಪಟ್ಟಿನಲ್ಲಿ ಕಾಲು ಮಿಲಿಮೀಟರಿನಷ್ಟು. ಉಸಿರೆಳೆದರೆ ಸಾಕು, ಇರುವೆಯ ಕಣ್ಣು ಮಸುಕಾಗಿ ಕುಡಿಮೀಸೆ ಸ್ಪಷ್ಟವಾಗುತ್ತದೆ. ಮೊಣಕೈಯನ್ನು ಕೊಂಬೆಗೆ ಆನಿಸಿ, ಎಡಗೈಯಲ್ಲಿ ಎಲೆಯ ತೊಟ್ಟನ್ನೂ ಲೆನ್ಸನ್ನೂ ಒಟ್ಟಿಗೆ ಹಿಡಿದು, ಮೈಯನ್ನು ಕೂದಲೆಳೆಯಷ್ಟು ಮುಂದಕ್ಕೆ ವಾಲಿಸುತ್ತ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಕ್ಲಿಕ್ಕಿಸುವುದನ್ನು ರೂಢಿಸಿಕೊಂಡೆ. ಎಲೆಯೂ ಕ್ಯಾಮೆರಾವೂ ಒಂದೇ ಕೈಯಲ್ಲಿದ್ದರೆ ಗಾಳಿಗೆ ಎರಡೂ ಜೊತೆಯಾಗಿ ಅಲುಗುತ್ತವೆ. ಟ್ರೈಪಾಡ್ ತಂದಿದ್ದೆ, ಇರುವೆಗೆ ಅಷ್ಟು ತಾಳ್ಮೆ ಇರಲಿಲ್ಲ. ಆಳ ಹೆಚ್ಚಲೆಂದು ಎಫ್/16ಕ್ಕೆ ಹೋದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿ ಚಿತ್ರ ಮಸುಕಾಗುವ ಡಿಫ್ರಾಕ್ಷನ್ ಕಾಡುತ್ತದೆ, ಏಕೆಂದರೆ ಈ ವರ್ಧನೆಯಲ್ಲಿ ಎಫ್/8 ಎಂಬುದೇ ಎಫ್/16ರಷ್ಟು ಕಿರಿದಾದ ಅಪರ್ಚರಿನಂತೆ ವರ್ತಿಸುತ್ತದೆ.

ಅಷ್ಟು ಕಿರಿದಾದ ಅಪರ್ಚರಿಗೆ ಮರದ ನೆರಳಿನ ಬೆಳಕು ಸಾಲದು. ಲೆನ್ಸಿಗೂ ಕ್ಯಾಮೆರಾಕ್ಕೂ ಸಂಪರ್ಕವಿಲ್ಲದ ಕಾರಣ ಡಿ90 ಎಲ್ಲವನ್ನೂ ನಾವೇ ಹೊಂದಿಸಬೇಕಾದ ಎಂ (ಮ್ಯಾನುಯಲ್) ಮೋಡಿನಲ್ಲಿ ಮಾತ್ರ ನಡೆಯುತ್ತದೆ, ಬೆಳಕನ್ನು ಅಳೆಯುವ ಮೀಟರೂ ಲೆಕ್ಕ ಹೇಳುವುದಿಲ್ಲ. ಕ್ಯಾಮೆರಾದ ಸ್ವಂತ ಫ್ಲ್ಯಾಷನ್ನು ಮ್ಯಾನುಯಲ್ಲಿನಲ್ಲಿ ಪೂರ್ಣ ಶಕ್ತಿಯ 1/16ಕ್ಕೂ, ಶಟರ್ ವೇಗವನ್ನು 1/200 ಸೆಕೆಂಡಿಗೂ ಇಟ್ಟೆ. ಮೊದಲ ಚಿತ್ರಗಳಲ್ಲಿ ಲೆನ್ಸಿನ ನೆರಳೇ ಇರುವೆಯ ಮೇಲೆ ಬಿದ್ದಿತ್ತು. ರಟ್ಟಿನಿಂದ ಒಂದು ಸಣ್ಣ ಸುರಂಗ ಮಾಡಿ, ತುದಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಅದನ್ನು ಫ್ಲ್ಯಾಷಿನಿಂದ ಲೆನ್ಸಿನ ತುದಿಯವರೆಗೆ ಬಾಗಿಸಿ ಕಟ್ಟಿದ ಮೇಲೆ ಬೆಳಕು ಮೃದುವಾಯಿತು, ಇರುವೆಯ ಹೊಳೆಯುವ ಬೆನ್ನಿನ ಮೇಲಿನ ಬಿಳಿ ಚುಕ್ಕೆಗಳೂ ತಗ್ಗಿದವು.

ಈ ಎಲ್ಲದರ ನಡುವೆ ಒಂದು ಪೇಚಾಟವನ್ನು ಹೇಳಲೇಬೇಕು. ಲೆನ್ಸಿನ ಬೆನ್ನಿನಿಂದ ಇರುವೆಗೆ ಇರುವ ಅಂತರ 50 ಮಿ.ಮೀ.ಯಲ್ಲಿ ಸುಮಾರು 9 ಸೆಂಟಿಮೀಟರ್, 28ರಲ್ಲಿ ಸುಮಾರು 6. ಚಗಳಿಗೆ ಅದೇನು ದೂರವಲ್ಲ. ಎಲೆಯ ತೊಟ್ಟು ಹಿಡಿದ ಕೈಯ ಮೂಲಕವೇ ಸೇತುವೆ ಸಿಕ್ಕಿ, ಹತ್ತಾರು ಇರುವೆಗಳು ಲೆನ್ಸಿನ ಬಯಲಾದ ಬೆನ್ನಿನೊಳಗೆ ಹೊಕ್ಕವು. ಒಂದು ಗಾಜಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದುದು ವ್ಯೂಫೈಂಡರಿನಲ್ಲಿ ಕೇವಲ ಒಂದು ಕಂದು ಮಬ್ಬಾಗಿ ಕಂಡಿತು. ಕಚ್ಚಿ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮುಕಿಸುವ ಅವುಗಳ ವಿದ್ಯೆ ಕೈಗೆಲ್ಲ ಅನುಭವವಾಯಿತು. ಅಂದಿನಿಂದ ಹಳೆಯ ಹಿಂಬದಿ ಕ್ಯಾಪೊಂದರ ತಳ ಕತ್ತರಿಸಿ ಬಳೆಯಂತೆ ಬೆನ್ನಿಗೆ ಕೂರಿಸಿ, ಅದರ ಬಾಯಿಗೆ ಒಂದು ಸಾದಾ ಫಿಲ್ಟರನ್ನು ಅಂಟಿಸಿಕೊಂಡಿದ್ದೇನೆ. ಸನ್ನೆಗೆ ಉಗುರು ಹೋಗಲು ಬಳೆಯ ಪಕ್ಕದಲ್ಲಿ ಒಂದು ಸೀಳು ಬಿಟ್ಟಿದ್ದೇನೆ.

ಚಿಟ್ಟೆಗಳಿಗೆ ಈ ಜೋಡಣೆ ಆಗದು. ಅಷ್ಟು ಹತ್ತಿರ ಹೋಗುವ ಮೊದಲೇ ಅವು ಹಾರಿರುತ್ತವೆ. ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುವವರೂ ಇದ್ದಾರೆ, ನನಗೆ ಅದು ಸರಿಬರುವುದಿಲ್ಲ. ಚಗಳಿ ಹೊಲಿಗೆಯಲ್ಲಿ ಮಗ್ನವಾಗಿರುವಾಗ ಸುತ್ತಲಿನ ಪರಿವೆ ಕಡಿಮೆ. ಅಂಥ ಒಂದು ಬೆಳಿಗ್ಗೆ ತೆಗೆದ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿಸಿಕೊಂಡದ್ದು ನಾಲ್ಕು. ಒಂದರಲ್ಲಿ ಕೆಲಸಗಾರ ಇರುವೆಯ ದವಡೆಗಳ ನಡುವೆ ಅಕ್ಕಿಕಾಳಿನಂಥ ಮರಿಹುಳು, ಅದರ ಬಾಯಿ ಎಲೆಯ ಅಂಚಿಗೆ ತಾಗಿದೆ; ಅಲ್ಲಿಂದ ಎದುರಿನ ಎಲೆಗೆ ಹರಿದ ರೇಷ್ಮೆಯ ಎಳೆಗಳು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿಯಾಗಿ ಕಾಣುತ್ತವೆ.