ಸೋರಲೇಬೇಕಾದ ಚಪ್ಪರ

ಊರಿನಲ್ಲಿ ಮದುವೆ, ಮುಂಜಿಗಳಿಗೆ ಚಪ್ಪರ ಹಾಕಿ ಕೈ ಪಳಗಿತ್ತು. ಆದ್ದರಿಂದ ನ್ಯೂಜೆರ್ಸಿಯಲ್ಲಿ ನನ್ನ ಹೆಂಡತಿ ಹೋಗುವ ಯೆಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನವರು ಸುಕೋತ್ ಹಬ್ಬಕ್ಕೆ ಅಂಗಳದಲ್ಲಿ ‘ಸುಕ್ಕಾ’, ಅಂದರೆ ಹಬ್ಬದ ದಿನಗಳಲ್ಲಿ ಊಟಕ್ಕೆ ಕೂರುವ ಗುಡಿಸಲು, ಕಟ್ಟಲು ಜನ ಬೇಕೆಂದಾಗ ಹೆಚ್ಚು ಕೇಳಿಸಿಕೊಳ್ಳದೆ ಒಪ್ಪಿಕೊಂಡೆ. ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನದ ಉಪವಾಸ ಮುಗಿದ ಮರುದಿನವದು. ಹಬ್ಬ ಶುರುವಾಗುವ ಹುಣ್ಣಿಮೆಗೆ ನಾಲ್ಕೇ ದಿನ.

ನೆರಳು ಚೆನ್ನಾಗಿದೆಯೆಂದು ಮೇಪಲ್ ಮರದ ಕೆಳಗೇ ಚೌಕಟ್ಟು ನಿಲ್ಲಿಸಿದೆ. ಹಿರಿಯರೊಬ್ಬರು ಬಂದು ತಲೆಯೆತ್ತಿ ನೋಡಿ ನಕ್ಕರು. ಕೊಂಬೆಯ ಕೆಳಗೆ ಕಟ್ಟಿದ್ದು ಸುಕ್ಕಾ ಆಗುವುದಿಲ್ಲವಂತೆ, ಮೇಲೆ ಬಯಲೇ ಇರಬೇಕು. 20 ಅಡಿ ಉದ್ದದ ಚೌಕಟ್ಟನ್ನು ಆರು ಮಂದಿ ಎತ್ತಿ ಸರಿಸಿದೆವು.

ಸುತ್ತ ಕ್ಯಾನ್ವಾಸ್ ಬಿಗಿದ ಮೇಲೆ ಮಾಡು. ಅದಕ್ಕೆ ನೆಲದಲ್ಲಿ ಬೆಳೆದು ಕಡಿದದ್ದೇ ಆಗಬೇಕು. ತಗಡು, ಟಾರ್ಪಾಲು ನಡೆಯದು. ಬಿದಿರಿನ ಗಳುಗಳ ಮೇಲೆ ಮೆಕ್ಕೆಜೋಳದ ದಂಟನ್ನು ಸಂದಿಲ್ಲದಂತೆ ಹೊದಿಸಿ, ಹೆಮ್ಮೆಯಿಂದ ಏಣಿ ಇಳಿದೆ. ಮತ್ತೆ ಅದೇ ಹಿರಿಯರು! ಬಿಸಿಲಿಗಿಂತ ನೆರಳು ಹೆಚ್ಚಿರಬೇಕು ನಿಜ, ಆದರೆ ರಾತ್ರಿ ನಕ್ಷತ್ರ ಕಾಣಬೇಕು, ಮಳೆ ಬಂದರೆ ಒಳಗೆ ಬೀಳಬೇಕು ಎಂದರು. ಈಜಿಪ್ಟಿನಿಂದ ಹೊರಟು ಮರುಭೂಮಿಯಲ್ಲಿ ಅಲೆದ ಪೂರ್ವಿಕರ ಗುಡಿಸಲು ಅದು. ಸುಗ್ಗಿಯ ಹಬ್ಬದಲ್ಲೂ ಆ ನೆನಪು ಬಿಡುವಂತಿಲ್ಲ. ಸೋರಲೆಂದೇ ಚಪ್ಪರ ಹಾಕುವುದನ್ನು ನಾನು ಕಂಡಿರಲಿಲ್ಲ. ಮೂರರಲ್ಲಿ ಒಂದು ಪಾಲು ದಂಟು ಕಿತ್ತು ಕೆಳಗೆಸೆದೆ.

ಹಬ್ಬದ ಎರಡನೆಯ ಸಂಜೆ ಸೂಪಿನ ಬಟ್ಟಲಿಗೇ ಹನಿ ಬಿತ್ತು. ಅಂಥ ಮಳೆಯಲ್ಲೂ ಹೊರಗೇ ಕೂರಬೇಕೆಂಬ ಕಟ್ಟಳೆಯಿಲ್ಲ, ಪುಣ್ಯ. ಬಟ್ಟಲು ಹಿಡಿದು ಒಳಗೆ ಓಡಿದೆವು.

ಬೆಳಗಿನ ಪ್ರಾರ್ಥನೆಗೆ ನಾನು ಹಿಂದಿನ ಬೆಂಚಿನವನು. ಖರ್ಜೂರದ ಬಿಚ್ಚದ ಸುಳಿಗರಿಗೆ ಮೂರು ಮಿರ್ಟಲ್, ಎರಡು ವಿಲೋ ಕಡ್ಡಿ ಕಟ್ಟಿ ಬಲಗೈಯಲ್ಲಿ ಹಿಡಿಯುತ್ತಾರೆ; ಎಡಗೈಯಲ್ಲಿ ಎತ್ರೋಗ್ ಹಣ್ಣು. ನಾಲ್ಕು ದಿಕ್ಕಿಗೆ, ಮೇಲಕ್ಕೆ, ಕೆಳಕ್ಕೆ ಎಲ್ಲರೂ ಒಟ್ಟಿಗೆ ಅಲುಗಿಸಿದಾಗ ತೆಂಗಿನ ತೋಟಕ್ಕೆ ಗಾಳಿ ಹೊಕ್ಕಂತೆ ಸದ್ದು.

ಆ ಎತ್ರೋಗ್ ನಮ್ಮ ಮಾದಲ ಹಣ್ಣೇ! ಉಬ್ಬುತಗ್ಗಿನ ಹಳದಿ ಸಿಪ್ಪೆ, ಮೂಗಿಗೆ ತಂದರೆ ಅದೇ ಘಮ. ಇಲ್ಲಿ ಅದನ್ನು ನಾರಿನ ಮೆತ್ತೆಯಲ್ಲಿಟ್ಟು ಕೂಸಿನಂತೆ ಕಾಯುತ್ತಾರೆ. ತುದಿಯ ಪುಟ್ಟ ತೊಟ್ಟು ಮುರಿದರೆ ಪೂಜೆಗೆ ಬಾರದು.

ಹಬ್ಬ ಮುಗಿದ ಮೇಲೆ ಫೋನಿನಲ್ಲಿ ಅದನ್ನು ಕಂಡ ಅಮ್ಮ, “ಒಣಗಿಸಬೇಡ, ಉಪ್ಪಿನಕಾಯಿ ಹಾಕು” ಎಂದರು. ಸಿಪ್ಪೆಗೆ ಔಷಧಿ ಹೊಡೆದಿರುತ್ತಾರೆಂದು ಹೆಂಡತಿ ಬಿಡಲಿಲ್ಲ. ಶನಿವಾರ ಸಂಜೆ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಬೀಳ್ಕೊಡುವಾಗ ಮೂಸಲೆಂದು ಅದರ ಮೈತುಂಬ ಲವಂಗ ಚುಚ್ಚಿದಳು. ಅರ್ಧ ನಾನೂ ಚುಚ್ಚಿದೆ. ಹೆಬ್ಬೆರಳು ಎರಡು ದಿನ ನೋಯುತ್ತಿತ್ತು.