ಪ್ಲೇಟ್‌ಲೆಟ್ ಕಡಿಮೆ ಬಂದರೆ ನಾನು ಮೊದಲು ಸ್ಲೈಡ್ ನೋಡುತ್ತೇನೆ

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿಗೆ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ, ಮಾಡಿಸಲು ಬರುತ್ತಾರೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಈ ಮಾತ್ರೆ ಎಷ್ಟೋ ಜೀವ ಉಳಿಸಿದೆ. ಆದರೆ ಇದು ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣ, ಎರಡನ್ನೂ ಇಳಿಸಬಹುದು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಬಂದರೆ ಡಾಕ್ಟರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿ, 75,000 ದಾಟಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ನಾವು ಕೊಡುವ ಅಂಕಿಯೇ ತಪ್ಪಾದರೆ ಸುಮ್ನೆ ಮಾತ್ರೆ ತಪ್ಪುತ್ತದೆ, ಅಲ್ವಾ?

ಮೆಷಿನ್ 38,000 ತೋರಿಸಿತು ಅನ್ನಿ. ಟ್ಯೂಬಿಗೆ ಕಡ್ಡಿ ಹಾಕಿ, ರಕ್ತ ಹೆಪ್ಪುಗಟ್ಟಿದೆಯಾ ನೋಡುತ್ತೇನೆ. ಹೆಪ್ಪುಗಟ್ಟಿಲ್ಲದಿದ್ದರೆ ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ರಕ್ತದ ತೆಳು ಪದರ, ಮಾಡುತ್ತೇನೆ. ಸ್ಲೈಡಿನ ಮೇಲೆ ಸಣ್ಣ ಹನಿ ಇಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ ಎಳೆಯಬೇಕು. ಒಣಗಿದ ಮೇಲೆ ಕಣಗಳಿಗೆ ಬಣ್ಣ ಹಿಡಿಸುವ ಲೀಶ್ಮನ್ ಸ್ಟೇನ್ 2 ನಿಮಿಷ, ಅದರ ಎರಡರಷ್ಟು ಬಫರ್ ದ್ರಾವಣ ಹಾಕಿ ಸುಮಾರು 10 ನಿಮಿಷ. ಇಲ್ಲಿ ಅವಸರ ಮಾಡಲೇಬಾರದು.

ಮೈಕ್ರೋಸ್ಕೋಪಿನಲ್ಲಿ ನಾನು ಮೊದಲು ಹುಡುಕುವುದು ಸ್ಮಿಯರಿನ ಬಾಲದ ತುದಿಯಲ್ಲಿ. ಗುಂಪು ಕಟ್ಟಿದ ಪ್ಲೇಟ್‌ಲೆಟ್ ಜಾಸ್ತಿ ಸಿಗುವುದು ಅಲ್ಲೇ. ನೇರಳೆ ಬಣ್ಣದ ಪುಟ್ಟ ಕಣಗಳು ಹತ್ತಿಪ್ಪತ್ತು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಿಬಿಸಿಗೆ ರಕ್ತ ತೆಗೆಯುವ ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತದೆ; ಕೆಲವರ ರಕ್ತ ಅದಕ್ಕೆ ಬಿದ್ದ ಮೇಲೆ ಹೀಗಾಗುತ್ತದೆ. ಇದಕ್ಕೆ ಮಾತ್ರೆಯೂ ಕಾರಣವಲ್ಲ, ಕಾಯಿಲೆಯೂ ಅಲ್ಲ. ಮೆಷಿನ್‌ಗೆ ಆ ಗುಂಪನ್ನು ಬಿಡಿಸಿ ಎಣಿಸಲು ಬರಲ್ಲ, ಅಷ್ಟೇ.

ಆಗ ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ಹೊಸದಾಗಿ ರಕ್ತ ತೆಗೆದು, ತಡಮಾಡದೆ ಎಣಿಸುತ್ತೇನೆ. ಅದರಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಸಿಟ್ರೇಟಿನಲ್ಲೂ ಒಮ್ಮೊಮ್ಮೆ ಗುಂಪು ಕಟ್ಟುತ್ತದೆ, ಆದ್ದರಿಂದ ಅದರದ್ದೂ ಸ್ಮಿಯರ್ ನೋಡುತ್ತೇನೆ.

ಹೀಗೆ ಎರಡನೇ ಸಲ ಸೂಜಿ ಚುಚ್ಚಲು ಕರೆದಾಗ ಒಬ್ಬ ಅಜ್ಜಿ ಗಾಬರಿಯಾಗಿ, "ಮಾತ್ರೆ ನಿಲ್ಲಿಸ್ತಾರೇನವ್ವಾ?" ಅಂತ ಕೇಳಿದ್ದರು. "ಅದನ್ನ ಡಾಕ್ಟರು ಹೇಳ್ತಾರೆ ಅಜ್ಜಿ, ಲೆಕ್ಕ ಸರಿಯಾಗಿರ್ಲಿ ಅಂತ ಇನ್ನೊಂದ್ಸಲ ನೋಡ್ತಿದೀನಿ" ಅಂದೆ. ಸಿಟ್ರೇಟಿನಲ್ಲಿ ಲಕ್ಷದ ಮೇಲಿತ್ತು. ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಗುಂಪು ಕಟ್ಟುತ್ತದೆ ಅಂತ ರಿಪೋರ್ಟಿನಲ್ಲೇ ಬರೆದೆ. ಮುಂದಿನ ಸಲ ಬೇರೆ ಲ್ಯಾಬಿಗೆ ಹೋದರೂ ಇದನ್ನು ತೋರಿಸಿ ಅಂತ ಅವರ ಮಗನಿಗೂ ಹೇಳಿದೆ.

ಗುಂಪು ಎಲ್ಲೂ ಸಿಗದಿದ್ದರೆ ಮೈಕ್ರೋಸ್ಕೋಪಿನ ಆಯಿಲ್ ಲೆನ್ಸಿನಲ್ಲಿ 10 ಫೀಲ್ಡ್, ಅಂದರೆ ಒಂದು ನೋಟಕ್ಕೆ ಕಾಣುವ 10 ಜಾಗಗಳಲ್ಲಿ ಪ್ಲೇಟ್‌ಲೆಟ್ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸುತ್ತೇನೆ. ಅದು ಮೆಷಿನ್ ಅಂಕಿಗೆ ಹತ್ತಿರ ಬಂದರೆ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿದಿದೆ. ಆಗ ರಿಪೋರ್ಟ್ ಪ್ರಿಂಟ್ ಆಗುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.