ಒಬ್ಬಟ್ಟಿಗೆಂದು ಬೆಂಗಳೂರಿಗೆ

ಮೇ ತಿಂಗಳ ಶನಿವಾರ, ಮಧ್ಯಾಹ್ನ ಮೂರೂವರೆ. ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರ ಕಬ್ಬಿನ ಹಾಲು ಕುಡೀತಾ ನಿಂತಿದ್ದೆವು, ನಾಲ್ಕು ಜನ. ಮನೆಯಲ್ಲಿ ಕರೆಂಟಿಲ್ಲ, ಅಮಾನಿಕೆರೆ ಏರಿ ಮೇಲೆ ಕೂರೋಣ ಅಂದರೆ ಇನ್ನೂ ಸುಡು ಬಿಸಿಲು. "ಬೆಂಗಳೂರಿಗೆ ಹೋಗಿ ಒಬ್ಬಟ್ಟು ತಿಂದು ಬರಾಣ ಬರ್ರೋ" ಅಂದ ಚೇಳೂರಿನ ಗೆಳೆಯ. ಅವನ ಕೈಯಲ್ಲಿ ತೋಟದ ಹಲಸಿನ ತೊಳೆ ತುಂಬಿದ ಸ್ಟೀಲ್ ಡಬ್ಬಿ. ಒಂದು ಒಬ್ಬಟ್ಟಿಗೆ 70 ಕಿಲೋಮೀಟರ್! ಆದರೂ ಯಾರೂ ಬೇಡ ಅನ್ನಲಿಲ್ಲ.

ಇಂಥ ದಿಢೀರ್ ಸವಾರಿಗೆ ನಾನು ಕಾರು ತೆಗೆಯೋದು ಬಿಟ್ಟು ವರ್ಷವಾಯಿತು. ಹಿಂದೊಮ್ಮೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೇ ನಮ್ಮ ಸಂಜೆ ಕತ್ತಲಾಗಿತ್ತು. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೋ ನಾಗಸಂದ್ರ ದಾಟಿ ಮಾದಾವರದವರೆಗೆ ಬಂದ ಮೇಲೆ ನಮ್ಮ ದಾರಿ ಗಟ್ಟಿಯಾಗಿದೆ: ಕೆಂಪು ಬಸ್ಸು ಹತ್ತೋದು, ಮಾದಾವರದಲ್ಲಿ ನಿಲ್ಲಿಸ್ತೀರಾ ಅಂತ ಹತ್ತುವಾಗಲೇ ಕಂಡಕ್ಟರನ್ನು ಕೇಳೋದು, ಅಲ್ಲಿಂದ ಮೆಟ್ರೋ. ಹತ್ತಿ ಕೂತ ಮೇಲೆ ಕೇಳಿದರೆ ಬೈಸಿಕೊಳ್ಳಬೇಕು.

ನಮ್ಮ ಜೊತೆಯ ಟೀಚರಮ್ಮನಿಗೆ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಉಳಿದ ದುಡ್ಡಲ್ಲಿ ಒಬ್ಬಟ್ಟು ಅವರದೇ ಅಂತ ತೀರ್ಮಾನವಾಯಿತು. ಡಾಬಸ್‌ಪೇಟೆ ಹತ್ತಿರ ಶಿವಗಂಗೆ ಬೆಟ್ಟದ ಹಿಂದೆ ಮೋಡ ಕಟ್ಟುತ್ತಿತ್ತು. ಮೆಟ್ರೋದಲ್ಲಿ ತಿನ್ನುವ ಹಾಗಿಲ್ಲ, ಆದ್ದರಿಂದ ತೊಳೆಯೆಲ್ಲ ಬಸ್ಸಿನಲ್ಲೇ ಖಾಲಿ. "ಬೀಜ ಬಿಸಾಕಬ್ಯಾಡ್ರಪ್ಪ, ಸಾರಿಗೆ ಬೇಕು ಅಂತ ಅವ್ವ ಹೇಳವ್ಳೆ" ಅಂತ ಚೇಳೂರಿನವನು ಒಂದೊಂದನ್ನೂ ಡಬ್ಬಿಗೆ ಹಾಕಿಸಿಕೊಂಡ.

ಎಡವಿದ್ದು ನಾನು. ಮೊಬೈಲಿನಲ್ಲಿ ಒಂದೇ ಕ್ಯೂಆರ್ ಕೋಡಿಗೆ ಆರು ಜನರವರೆಗೆ ಗುಂಪು ಟಿಕೆಟ್ ಸಿಗುತ್ತದಲ್ಲ, ಜಾಣತನ ಅಂದುಕೊಂಡು ನಾಲ್ವರದ್ದೂ ನನ್ನ ಫೋನಿನಲ್ಲೇ ತೆಗೆದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹೊರಬೀಳುವ ಗೇಟಿನ ಮುಂದೆ ಫೋನ್ ಪೂರ್ತಿ ಕಣ್ಣು ಮುಚ್ಚಿತು. ಕಾಸು ಕೊಟ್ಟ ಪ್ರಯಾಣಿಕರು ನಾಲ್ಕು ಜನ, ಸಾಕ್ಷಿ ಮಾತ್ರ ಇಲ್ಲ! ಯಾರೋ ಕಾಲೇಜು ಹುಡುಗಿ ಪವರ್ ಬ್ಯಾಂಕ್ ಕೊಟ್ಟಳು. ಫೋನ್ ಎದ್ದೇಳುವವರೆಗೆ ಟೀಚರಮ್ಮ ನನ್ನನ್ನು ನೋಡಿದ ನೋಟ ಅವರ ಆರನೇ ಕ್ಲಾಸಿನ ಮಕ್ಕಳಿಗೇ ಗೊತ್ತು. ಈಗ ಯಾರ ಫೋನಿನಲ್ಲಿ ಚಾರ್ಜ್ ಹೆಚ್ಚಿದೆಯೋ ಅವರ ಕೈಲೇ ಟಿಕೆಟ್ ತೆಗೆಸುತ್ತೇವೆ.

ಲಾಲ್‌ಬಾಗ್ ಬಂಡೆ ಹತ್ತಬೇಕು ಅಂತ ಒಬ್ಬನ ಆಸೆ. ಏಳಕ್ಕೆ ಬಾಗಿಲು ಹಾಕುತ್ತಾರೆ, ಆಗಲೇ ಆರೂವರೆ ಮೀರಿತ್ತು. ಬಿಟ್ಟೆವು. ಒಂದು ಸಂಜೆಗೆ ಒಂದೇ ಬೀದಿ ಸಾಕು, ಎರಡನೇ ಜಾಗ ಸೇರಿಸಿದರೆ ಆಟೋ ಚೌಕಾಸಿಯಲ್ಲೇ ಹೊತ್ತು ಹೋಗುತ್ತದೆ.

ಸಜ್ಜನ್‌ರಾವ್ ಸರ್ಕಲ್ ಕಡೆಗೆ ನಡೆದು ವಿ.ವಿ. ಪುರಂ ತಿಂಡಿ ಬೀದಿ ಮುಟ್ಟುವಷ್ಟರಲ್ಲಿ ದಪ್ಪ ಹನಿ ಶುರು. ಒಬ್ಬಟ್ಟಿನ ಅಂಗಡಿಯ ಟಾರ್ಪಾಲಿನ ಕೆಳಗೆ ನುಗ್ಗಿದೆವು. ಕಾದ ನೆಲಕ್ಕೆ ನೀರು ಬಿದ್ದ ವಾಸನೆ ಒಂದು ಕಡೆ, ತುಪ್ಪದ ವಾಸನೆ ಇನ್ನೊಂದು ಕಡೆ. ಒಬ್ಬಟ್ಟು ತಟ್ಟುವವನಿಗೆ ಮಳೆಯ ಪರಿವೆಯೇ ಇಲ್ಲ. ಎಳೆ ಎಳೆಯಾಗಿ ಜಗ್ಗುವ ಕಣಕವನ್ನು ಚಿವುಟಿ, ಅದರೊಳಗೆ ಅದರ ಎರಡರಷ್ಟು ಹೂರಣ ಕೂರಿಸಿ, ಬಾಯಿ ಮುಚ್ಚಿ, ಎಣ್ಣೆ ಸವರಿದ ಹಾಳೆ ಮೇಲೆ ಬೆರಳ ತುದಿಯಲ್ಲೇ ಸುತ್ತ ಒತ್ತುತ್ತಾನೆ. ಕಾವಲಿಗೆ ಹಾಳೆ ಸಮೇತ ಮಗುಚಿ, ಹಾಳೆ ಮಾತ್ರ ಸುಲಿದು ತೆಗೆಯುತ್ತಾನೆ. ಅಂಚು ಎಲ್ಲೂ ಹರಿಯಲಿಲ್ಲ. ನಾನು ಮನೆಯಲ್ಲಿ ಮಾಡಿದರೆ ಹೂರಣವೇ ಮೊದಲು ಕಾವಲಿಗೆ ಹಾರುತ್ತದೆ. ಮಳೆ ನಿಲ್ಲುವವರೆಗೆ ತಲಾ ಎರಡು ತಿಂದೆವು. ಆಮೇಲೆ ನಿಪ್ಪಟ್ಟು ಮಸಾಲ, ಪಡ್ಡು, ಗುಲ್ಕನ್. ಲೆಕ್ಕ ಬೇಡ.

ವಾಪಸ್ ಬರುವಾಗ ಮಾದಾವರವನ್ನು ನಂಬಬಾರದು. ರಾತ್ರಿ ಅಲ್ಲಿ ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲಿಸುವವರು ಕಡಿಮೆ. ಮೂರೇ ನಿಲ್ದಾಣ, ಮೆಜೆಸ್ಟಿಕ್‌ಗೆ ಬಂದೆವು. ದೂರದ ಬಸ್ಸಿನವರು "ತುಮಕೂರಾ? ಬಿಡೋ ಟೈಮಿಗೆ ನೋಡಾಣ ತಡೀರಿ" ಅಂದರು. ತಡೆದೆವು. ಇಂಜಿನ್ ಸ್ಟಾರ್ಟ್ ಆದ ಮೇಲೆ ಹಿಂದಿನ ಸೀಟು ಸಿಕ್ಕಿತು.

ಬೆಳಿಗ್ಗೆ ಚೇಳೂರಿನವನ ಫೋನು. ಅವ್ವನಿಗೆ ಅಂತ ಕಟ್ಟಿಸಿದ ನಾಲ್ಕು ಒಬ್ಬಟ್ಟನ್ನು ಅದೇ ಡಬ್ಬಿಯಲ್ಲಿ ಬೀಜದ ಮೇಲೆ ಇಟ್ಟುಕೊಂಡು ಹೋಗಿದ್ದನಂತೆ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹಲಸಿನ ಹಣ್ಣಿನ ಒಬ್ಬಟ್ಟು ತಿನ್ನಾಕೆ ಬೆಂಗಳೂರಿಗೆ ಯಾಕ್ಲಾ ಹೋಗಿದ್ದೆ? ನಾನೇ ಮಾಡಿಕೊಡ್ತಿರಲಿಲ್ವಾ?" ಅಂದರಂತೆ.